ಮೊಗ್ಗು ಉದುರಿದ ಮಳೆಗಾಲ

ಕಳೆದ ವಾರ ಕುಶಾಲನಗರದ ನಮ್ಮ ಮನೆಯ ಗೇಟಿನ ಹತ್ತಿರ ಪಕ್ಕದ ಮನೆಯಾಕೆ ಬಂದು ನಿಂತರು. ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಈ ಬೀದಿಗೆ ಹೊಸಬರು. ಅಂಗೈ ಬಿಚ್ಚಿ ತೋರಿಸಿದರು. ಆರ್ಕಿಡ್ ಗಿಡದ ಒಂದಷ್ಟು ಮೊಗ್ಗುಗಳು, ಹಳದಿಗೆ ತಿರುಗಿ ಒಣದ್ರಾಕ್ಷಿಯ ಹಾಗೆ ಮುದುಡಿಕೊಂಡಿದ್ದವು.

“ಅರಳೋಕೆ ಮುಂಚೆನೇ ಉದುರ್ತಾ ಇವೆ ಮೇಡಂ. ನೀವು ಸಸ್ಯಶಾಸ್ತ್ರ ಪಾಠ ಮಾಡೋರಂತೆ. ಏನಾಗಿರಬಹುದು?”

ನನ್ನ ಬಾಯಿಂದ ಬಂದ ಮೊದಲ ಮಾತು ಗಿಡದ್ದಾಗಿರಲಿಲ್ಲ. “ಮನೇಲಿ ಎಲ್ಲರೂ ಹುಷಾರಾಗಿದೀರಾ? ಯಾರಿಗಾದ್ರೂ ತಲೆನೋವು, ಹಗಲಲ್ಲೇ ತೂಕಡಿಕೆ, ಅಂಥದ್ದೇನಾದ್ರೂ ಇದೆಯಾ?” ಎಂದು ಕೇಳಿಬಿಟ್ಟೆ. ಆಕೆ ಗಾಬರಿಯಿಂದ ನನ್ನ ಮುಖ ನೋಡಿದರು. ಹೋಗಿ ನೋಡಿದರೆ ಅವರ ಗಿಡಕ್ಕೆ ಬೇಕಾಗಿದ್ದದ್ದು ಬರೀ ನೀರು. ಕುಂಡವನ್ನು ಬಕೆಟ್ಟಿನಲ್ಲಿ ಅದ್ದಿಟ್ಟು ತೆಗೆಯಲು ಹೇಳಿ ಬಂದೆ. ಮನೆಗೆ ಬಂದು ಕೈ ತೊಳೆಯುವಾಗ ಬಾಡಿದ ಮೊಗ್ಗಿನ ಮಂಕು ವಾಸನೆ ಬೆರಳಿಗೆ ಅಂಟಿಕೊಂಡೇ ಇತ್ತು. ಅದರ ಜೊತೆಗೆ ಬಿಟ್ಟಂಗಾಲದಲ್ಲಿ ಕಳೆದ ಒಂದು ಮಳೆಗಾಲ ಇಡಿಯಾಗಿ ಎದ್ದು ಬಂತು.

ಅದು ನನಗೆ ಗೋಣಿಕೊಪ್ಪಲಿನ ಕಾಲೇಜಿಗೆ ವರ್ಗವಾದ ವರ್ಷ. ನಮ್ಮ ಹಿರಿಯರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಸುತ್ತ ಜಮೀನು ಮಾಡಿಕೊಂಡವರು. ಅಲ್ಲಿ ಮಳೆ ಬರುತ್ತದೆ, ಹೋಗುತ್ತದೆ. ದಕ್ಷಿಣ ಕೊಡಗಿನ ಮಳೆ ಬಂದು ಕೂತುಬಿಡುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಬಿಟ್ಟಂಗಾಲದಲ್ಲಿ ಪೂವಯ್ಯ ಮತ್ತು ದೇಚಮ್ಮ ಎಂಬ ದಂಪತಿಯ ಕಾಫಿ ಎಸ್ಟೇಟಿನಲ್ಲಿ, ಅವರ ಬಂಗಲೆಯ ಹಿಂದಿನ ಸಣ್ಣ ಔಟ್‌ಹೌಸ್ ಬಾಡಿಗೆಗೆ ಸಿಕ್ಕಿತು. ಒಂದು ಕೋಣೆ, ಒಂದು ಅಡುಗೆ ಮೂಲೆ, ಹೆಂಚಿನ ಸಂದಿಯಿಂದ ಸದಾ ಒಳಗೆ ಬರುವ ತಣ್ಣನೆ ಗಾಳಿ. ಬಂಗಲೆಯಲ್ಲಿ ಅವರಿಬ್ಬರೇ, ಮಗಳು ತಾರಾಳನ್ನು ಮೈಸೂರಿಗೆ ಕೊಟ್ಟಿದ್ದರು, ಚೊಚ್ಚಲ ಹೆರಿಗೆಗೆ ಅವಳು ತಾಯಿಯ ಮನೆಗೆ ಬರುವುದಿತ್ತು.

ದೇಚಮ್ಮ ಆಂಟಿಗೆ ಆರ್ಕಿಡ್ ಎಂದರೆ ಪ್ರಾಣ. ನಾನು ಸಸ್ಯಶಾಸ್ತ್ರದವಳೆಂದು ತಿಳಿದ ಮಾರನೆಯ ದಿನವೇ ಕೈಹಿಡಿದು ಗಿಡಗಳಿದ್ದ ಜಗಲಿಗೆ ಕರೆದುಕೊಂಡು ಹೋದರು.

“ನೋಡಿ ಮೇಡಂ, ಇವಕ್ಕೆ ಎಂತ ಆಗಿದೆ ಅಂತಲೇ ಗೊತ್ತಾಗ್ತಾ ಇಲ್ಲ. ಮಕ್ಕಳ ಹಾಗೆ ನೋಡ್ಕೊಳ್ತೇನೆ. ಆದ್ರೂ ಒಂದೊಂದೇ ಹೋಗ್ತಾ ಉಂಟು.”

ಎಲೆಗಳು ಸುಕ್ಕುಗಟ್ಟಿ ಜೋತುಬಿದ್ದಿದ್ದವು. ಬಾಯಾರಿದೆ ಎಂದುಕೊಂಡು ಅವರು ದಿನವೂ ನೀರು ಹಾಕಿದ್ದರು. ಒಂದು ಗಿಡವನ್ನು ಕುಂಡದಿಂದ ಎಬ್ಬಿಸಿದೆ. ಹಸಿ ಕಪ್ಪುಮಣ್ಣಿನ ಜೊತೆಗೆ ಕೊಳೆತ ವಾಸನೆ ಬಂತು. ಬೇರುಗಳು ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದವು. ಒಂದನ್ನು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಕಳಚಿ ಒಳಗಿನ ನೂಲೊಂದೇ ಉಳಿಯಿತು.

“ಆಂಟಿ, ಇವು ಕಾಡಲ್ಲಿ ಮರದ ಕೊಂಬೆ ಹಿಡ್ಕೊಂಡು ಬದುಕೋವು. ಬೇರಿಗೆ ನೀರಿನಷ್ಟೇ ಗಾಳಿನೂ ಬೇಕು. ನೀವು ಇವನ್ನ ಜೀವಂತ ಹೂತುಬಿಟ್ಟಿದೀರಿ.”

ಆ ಮಾತಿಗೆ ಅವರು ಕೈ ಹಿಂದಕ್ಕೆ ಎಳೆದುಕೊಂಡದ್ದು ನನಗೆ ಈಗಲೂ ನೆನಪಿದೆ.

ಜೂನ್ ತಿಂಗಳು ಆ ಗಿಡಗಳ ಆರೈಕೆಯಲ್ಲೇ ಕಳೆಯಿತು. ಕಾಲೇಜಿನಿಂದ ಬಂದವಳು ಕತ್ತರಿಯನ್ನು ಬೆಂಕಿಗೆ ಹಿಡಿದು ಶುದ್ಧ ಮಾಡಿಕೊಂಡು ಕೂರುತ್ತಿದ್ದೆ. ಕೊಳೆತ ಬೇರನ್ನೆಲ್ಲ ಕತ್ತರಿಸಿ, ಕೊಯ್ದ ಬಾಯಿಗೆ ದಾಲ್ಚಿನ್ನಿ ಪುಡಿ ಸವರಿ, ಇದ್ದಿಲಿನ ಚೂರು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆಯ ತುಂಡು ತುಂಬಿದ ಕುಂಡಕ್ಕೆ ಕೂರಿಸುವುದು. ಎಲೆಯ ಬುಡದಲ್ಲಿ ಹತ್ತಿಯಂತೆ ಕೂತ ಬಿಳಿ ಹುಳುಗಳನ್ನು ಸೋಪು ನೀರಿನ ಬಟ್ಟೆಯಿಂದ ಒರೆಸುವುದು. ಎಳೆ ಬೇರನ್ನು ತಿನ್ನುವ ಬಸವನಹುಳುಗಳನ್ನು ಕೈಯಲ್ಲೇ ಹೆಕ್ಕುವುದು. ಕಡುಹಸಿರು ಎಲೆ ಬಿಟ್ಟು ಹೂ ಬಿಡದ ಗಿಡಗಳಿಗೆ ಬೆಳಕು ಸಾಲದು. ಅವನ್ನು ಮುಂದಕ್ಕೆ ಸರಿಸಿದೆ. ಬಿಸಿಲಿಗೆ ಸುಟ್ಟು ಬಿಳಿ ಕಲೆ ಬಿದ್ದವನ್ನು ಹಿಂದಕ್ಕೆ ಇಟ್ಟೆ. ಎಲೆಗಳ ನಡುವಿನ ಕುಳಿಯಲ್ಲಿ ನೀರು ನಿಂತು ಸುಳಿ ಕೊಳೆಯದಿರಲಿ ಎಂದು ಕೆಲವನ್ನು ಓರೆಯಾಗಿ ತೂಗುಹಾಕಿದೆವು. ಕೆಲವೇ ವಾರಗಳಲ್ಲಿ ಹೊಸ ಬೇರಿನ ಹಸಿರು ತುದಿ ಕಾಣಿಸಿಕೊಂಡಿತು. ಚಿಟ್ಟೆಯಂಥ ಹೂ ಬಿಡುವ ಜಾತಿಯಲ್ಲಿ ಒಂದಾದ ಮೇಲೊಂದು ಹೂದಂಟು ಹೊರಟಿತು. ದೇಚಮ್ಮ ಆಂಟಿ ಚಪ್ಪಾಳೆ ತಟ್ಟಿ ಪೂವಯ್ಯನವರನ್ನು ಕರೆದರು.

ಪೂವಯ್ಯ ಅಂಕಲ್ ಮಾತು ಕಡಿಮೆಯ ಮನುಷ್ಯ. ಅವರ ಪ್ರೀತಿಯೆಲ್ಲ ಕೆಲಸದಲ್ಲಿ. ಮಗಳು ಬರುತ್ತಾಳೆಂದು ಆ ಬೇಸಿಗೆಯಲ್ಲೇ ಬಂಗಲೆಯ ಒಂದು ಕೋಣೆಯನ್ನು ಹೊಸದಾಗಿ ಮಾಡಿಸಿದ್ದರು. ಹೆಂಚಿನ ಕೆಳಗೆ ಸಂದಿಯಿಲ್ಲದ ಸೀಲಿಂಗ್, ಹಳೆಯ ಮರದ ಕಿಟಕಿಗಳ ಜಾಗದಲ್ಲಿ ಅಲ್ಯೂಮಿನಿಯಂ ಚೌಕಟ್ಟಿನ ಗಾಜು. ಕೋಣೆಗೆ ಹೊಂದಿಕೊಂಡ ಜಗಲಿಯನ್ನೂ ಗಾಜಿನಿಂದ ಮುಚ್ಚಿಸಿ ಹೆಂಡತಿಯ ಗಿಡಗಳಿಗೆಂದು ಬಿಟ್ಟುಕೊಟ್ಟಿದ್ದರು. ಜುಲೈಯಲ್ಲಿ ಮಳೆ ಬಲವಾದಾಗ ಹೊರಗಿನಿಂದ ನೀಲಿ ಪ್ಲಾಸ್ಟಿಕ್ ಶೀಟನ್ನೂ ಬಿಗಿದು ಕಟ್ಟಿಸಿದರು. ಗಿಡಕ್ಕೆ ಗಾಳಿ ಆಡಬೇಕು ಎಂದು ನಾನು ಹೇಳಿದ್ದಕ್ಕೆ ಒಂದು ಫ್ಯಾನ್ ಹಾಕಿಸಿ, “ಈಗ ಸರಿ ಆಯ್ತಲ್ಲ ಮೇಡಂ?” ಎಂದು ಕೇಳಿದರು.

ತಾರಾಳಿಗೆ ವಿರಾಜಪೇಟೆಯಲ್ಲಿ ಹೆಣ್ಣುಮಗು ಹುಟ್ಟಿತು. ಮನೆಗೆ ಕರೆತಂದು ಆ ಕೋಣೆಯಲ್ಲೇ ಮಲಗಿಸಿದರು. ಬಾಣಂತಿ ನೋಡಿಕೊಳ್ಳಲು ಜಾನಕಿ ಎಂಬ ಹೆಂಗಸು ಸಿದ್ದಾಪುರದ ಕಡೆಯಿಂದ ಬಂದಳು. ನಡುಬಾಗಿಲು ತೆರೆದಿಟ್ಟರೆ ಮಂಚದ ಮೇಲಿಂದಲೇ ತಾರಾಳಿಗೆ ಹೂಗಿಡಗಳು ಕಾಣುತ್ತಿದ್ದವು. ಜಾನಕಿ ಹಿತ್ತಲಲ್ಲಿ ಅಗ್ಗಿಷ್ಟಿಕೆ ಹಚ್ಚಿ, ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿ ಎನ್ನುವವರೆಗೆ ಕಾದು, ಆಮೇಲೆ ಒಳಗೆ ತಂದು ಮಂಚದ ಪಕ್ಕ ಇಡುತ್ತಿದ್ದಳು. ಬಾಣಂತಿಗೆ ಶಾಖ, ಮಗುವಿನ ಬಟ್ಟೆ ಒಣಗಿಸಲು ಬಿಸಿ. ಹೊರಗೆ ಎಲ್ಲವೂ ಹಸಿಯಾಗಿ ಬೂಷ್ಟು ಹಿಡಿಯುವಾಗ ಆ ಕೋಣೆಯೊಂದು ಬೆಚ್ಚಗೆ, ಒಣಗಿ, ಸಾಂಬ್ರಾಣಿಯ ವಾಸನೆ ಬೀರುತ್ತಿತ್ತು. ಯಾರು ಹೋದರೂ ಎದ್ದು ಬರಲು ಮನಸ್ಸಾಗುತ್ತಿರಲಿಲ್ಲ.

“ಎಷ್ಟು ಒಳ್ಳೆ ಕುಂಞಿ ನೋಡಿ,” ಎಂದು ದೇಚಮ್ಮ ಆಂಟಿ ಮೊಮ್ಮಗುವನ್ನು ತೋರಿಸುತ್ತಿದ್ದರು. “ಹಸಿವಾದ್ರೂ ಅಳಲ್ಲ. ನಾವೇ ಎಬ್ಬಿಸಿ ಹಾಲು ಕುಡಿಸ್ಬೇಕು.”

ಮೊಗ್ಗು ಉದುರಲು ಶುರುವಾದದ್ದು ಆಗ. ಮೊದಲು ದಂಟಿನ ತುದಿಯ ಮೊಗ್ಗು ಹಳದಿಯಾಯಿತು. ಆಮೇಲೆ ಅದರ ಕೆಳಗಿನದು. ಬೆಳಿಗ್ಗೆ ಹೋದರೆ ಹೊಸ ನೆಲಹಾಸಿನ ಮೇಲೆ ಹಲ್ಲಿನಂತೆ ಚೆಲ್ಲಿರುತ್ತಿದ್ದವು. ನಾನು ಗೊತ್ತಿದ್ದ ಕಾರಣಗಳನ್ನೆಲ್ಲ ಒಂದೊಂದಾಗಿ ನೋಡಿದೆ. ನೀರು ಹೆಚ್ಚಾಗಿರಲಿಲ್ಲ, ಕಡಿಮೆಯೂ ಆಗಿರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದರೂ ಮೊಗ್ಗಿನಲ್ಲಿ ಹುಳುವಿಲ್ಲ. ಬೇರುಗಳು ಗಟ್ಟಿಯಾಗಿ, ಬೆಳ್ಳಿಯ ಬಣ್ಣಕ್ಕಿದ್ದವು. ಕುಂಡ ಬದಲಿಸಿದ ಆಘಾತವೆಂದರೆ ಅದು ಆಗಿ ಎಷ್ಟೋ ದಿನವಾಗಿತ್ತು. ಗಿಡ ಆರೋಗ್ಯವಾಗಿತ್ತು, ಹೂವು ಮಾತ್ರ ಈ ಮನೆಯಲ್ಲಿ ಕಣ್ಣು ತೆರೆಯಲು ಒಪ್ಪುತ್ತಿರಲಿಲ್ಲ.

ಒಂದು ಸಂಜೆ ಮೊಗ್ಗು ಹೆಕ್ಕುತ್ತಿದ್ದಾಗ ತಾರಾ ಮಂಚದಿಂದ ಕರೆದಳು. “ಅಕ್ಕ, ಸ್ವಲ್ಪ ಇಲ್ಲಿ ಕೂತ್ಕೊಳ್ತೀರಾ?”

ಹೋಗಿ ಕೂತೆ. ಅವಳ ಕೆನ್ನೆ ಕೆಂಪಗಿತ್ತು, ಕಣ್ಣು ಮಾತ್ರ ಎಲ್ಲೋ ದೂರದಲ್ಲಿ.

“ಅವ್ವನಿಗೆ ಹೇಳ್ಬೇಡಿ. ಇಲ್ಲಿ ಒಬ್ರು ಬಂದು ನಿಲ್ತಾರೆ. ಕಾಲಿನ ಹತ್ರ. ಹೆಂಗಸು. ಮುಖ ಕಾಣಲ್ಲ, ಉಸಿರು ಕೇಳ್ತದೆ. ಮಾತಾಡ್ಬೇಕು ಅಂತ ನೋಡ್ತೇನೆ, ನಾಲಿಗೆ ಏಳೋದೇ ಇಲ್ಲ.”

“ಕನಸಿರಬೇಕು ತಾರಾ. ನಿದ್ದೆ ಸಾಲದು ನಿಂಗೆ.”

“ನಿದ್ದೆ ಬಿಟ್ಟು ಬೇರೆ ಎಂತದೂ ಮಾಡ್ತಾ ಇಲ್ಲ ಅಕ್ಕ ನಾನು,” ಎಂದು ಅವಳು ನಕ್ಕಳು. ಆ ನಗು ಅರ್ಧಕ್ಕೇ ಮರೆತುಹೋದಂತೆ ನಿಂತಿತು.

ತಾರಾ ಒಬ್ಬಳೇ ಆಗಿದ್ದರೆ ಬಾಣಂತಿಯ ಭ್ರಮೆ ಎನ್ನಬಹುದಿತ್ತು. ಜಾನಕಿಗೆ ಯಾರೋ ಹೆಸರು ಹಿಡಿದು ಕರೆದಂತಾಗುತ್ತಿತ್ತು. “ಓ” ಎಂದು ಎದ್ದು ಹೋದರೆ ಯಾರೂ ಇರುತ್ತಿರಲಿಲ್ಲ. ದೇಚಮ್ಮ ಆಂಟಿ ಮಗುವಿಗೆ ನೀರು ಕಾಯಿಸಲು ಎದ್ದವರು, ಅಡುಗೆಮನೆಯಲ್ಲಿ ಖಾಲಿ ಪಾತ್ರೆ ಹಿಡಿದು ಎಷ್ಟೋ ಹೊತ್ತು ನಿಂತಿರುತ್ತಿದ್ದರು; ಯಾಕೆ ಬಂದೆ ಎಂದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಎಲ್ಲರಿಗೂ ತಲೆನೋವು. ಮನೆಯ ಬೆಕ್ಕು ಬೆಂಕಿ ಕಂಡರೆ ಸುತ್ತಿಕೊಂಡು ಮಲಗುವ ಪ್ರಾಣಿ, ಅದೂ ಆ ಕೋಣೆಯನ್ನು ಬಿಟ್ಟಿತು. ಮಳೆಯ ಎರಚಲು ಬೀಳುವ ಮೆಟ್ಟಿಲ ಮೇಲೆ ಒದ್ದೆಯಾಗಿ ಕೂತು ಒಳಗೆ ನೋಡುತ್ತಿತ್ತು. ಎತ್ತಿ ತಂದು ಬಿಟ್ಟರೆ ಗೋಡೆಗುಂಟ ಓಡಿ ಹೊರಗೆ ಹೋಗುತ್ತಿತ್ತು.

“ಗೋಣಿಕೊಪ್ಪಕ್ಕೆ ಸಂತೆಗೆ ಹೋದ ದಿನ ತಲೆ ಹಗುರ ಇರ್ತದೆ ಮೇಡಂ,” ಎಂದು ಒಮ್ಮೆ ದೇಚಮ್ಮ ಆಂಟಿ ನನ್ನ ಔಟ್‌ಹೌಸಿಗೆ ಬಂದು ಕೂತು ಹೇಳಿದರು. ಧ್ವನಿ ತಗ್ಗಿಸಿದ್ದರು. “ಮನೆಗೆ ಬಂದು ಆ ಕೋಣೆಗೆ ಕಾಲಿಟ್ರೆ ಯಾರೋ ತಲೆ ಹಿಡ್ಕೊಂಡ ಹಾಗೆ. ಇವರ ಅವ್ವ ತೀರಿಹೋದದ್ದು ಅದೇ ಕೋಣೆಯಲ್ಲಿ. ಇರೋ ತನಕ ಈ ಮನೆಯ ಒಂದು ಮೊಳೆ ಕೀಳ್ಲಿಕ್ಕೂ ಬಿಟ್ಟವರಲ್ಲ. ನಾವು ಕಿಟಕಿ ಎಲ್ಲ ಕಿತ್ತು ಹಾಕಿದ್ವಿ. ಅವರಿಗೆ ಬೇಜಾರಾಗಿದೆ. ನಂಗೆ ಗೊತ್ತು.”

“ಆಂಟಿ, ನೀವು ಹಾಗೆಲ್ಲ ಯೋಚನೆ ಮಾಡಬೇಡಿ.”

“ಮತ್ತೆ ನೀವೇ ಹೇಳಿ, ಆ ಹೂವು ಯಾಕೆ ಅರಳ್ತಾ ಇಲ್ಲ? ನಿಮ್ಮ ಪುಸ್ತಕದಲ್ಲಿ ಕಾರಣ ಉಂಟಾ?”

ಕೊಡವರ ಮನೆಗಳಲ್ಲಿ ಗುರುಕಾರಣರೆಂದರೆ ತೀರಿಕೊಂಡ ಹಿರಿಯರು. ವರ್ಷಕ್ಕೊಮ್ಮೆ ದೀಪದ ಮುಂದೆ ಅವರಿಗೆ ಎಡೆ ಇಟ್ಟು ನೆನೆಯುತ್ತಾರೆ. ಈ ಸಲ ಅದನ್ನು ಬೇಗನೇ ಮಾಡಿಬಿಡುವುದು ಎಂದು ಆಂಟಿ ತೀರ್ಮಾನಿಸಿದ್ದರು.

ನನಗೂ ಆ ಕೋಣೆಯ ಅನುಭವವಾಗದೆ ಉಳಿಯಲಿಲ್ಲ. ಅದು ಭಾನುವಾರ ಮಧ್ಯಾಹ್ನ, ಊಟದ ಹೊತ್ತಾದರೂ ದೀಪ ಹಾಕಬೇಕಾದ ಕತ್ತಲೆ. ಗಾಜಿನ ಜಗಲಿಯಲ್ಲಿ ಒಬ್ಬಳೇ ಕೂತು ಎಲೆ ಒರೆಸುತ್ತಿದ್ದೆ. ನೀಲಿ ಪ್ಲಾಸ್ಟಿಕ್ಕಿನಿಂದ ಸೋಸಿ ಬಂದ ಬೆಳಕಿನಲ್ಲಿ ನನ್ನ ಕೈಯೇ ಬೇರೆಯವರದ್ದೆಂಬಂತೆ ಕಾಣುತ್ತಿತ್ತು. ಮಳೆಯ ಸದ್ದು ಮೆಲ್ಲಗೆ ದೂರ ಸರಿಯಿತು. ಬೆನ್ನ ಹಿಂದಿನ ಬೆತ್ತದ ಕುರ್ಚಿಯಲ್ಲಿ ಯಾರೋ ಬಂದು ಕೂತರು. ಕೂತಾಗ ಬೆತ್ತ ಕಿರುಗುಟ್ಟುವ ಸದ್ದೂ ಕೇಳಿಸಿತು. ಆಮೇಲೆ ಕಿವಿಯ ಹತ್ತಿರದಿಂದ, ಬಹಳ ಸಹಜವಾಗಿ, “ಶೈಲಾ” ಎಂದರು. ಅಲ್ಲಿ ನಾನು ತಾರಾಳಿಗೆ ಅಕ್ಕ, ಉಳಿದವರಿಗೆಲ್ಲ ಮೇಡಂ. ನನ್ನನ್ನು ಹಾಗೆ ಕರೆಯುವವರು ಯಾರೂ ಇರಲಿಲ್ಲ. ಹೆದರಿ ಕಿರುಚಬೇಕಿತ್ತು. ನನಗೆ ಆದದ್ದು ಭಯವಲ್ಲ, ಏನೋ ಒಂದು ಜಡವಾದ ಸಮಾಧಾನ. ಇಲ್ಲೇ ಗೋಡೆಗೆ ಒರಗಿ ಕಣ್ಣು ಮುಚ್ಚಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಹೊಟ್ಟೆ ತೊಳಸಿ ಬಂದು, ಬಾಯಿಗೆ ಕೈ ಅಡ್ಡ ಹಿಡಿದು ಅಂಗಳಕ್ಕೆ ಓಡಿದೆ. ಮಳೆಯಲ್ಲಿ ನೆನೆಯುತ್ತ ನಿಂತ ಮೇಲೆ ತಲೆ ತಿಳಿಯಾಯಿತು. ಆಗ ಬಂತು ಭಯ. ಆ ದಿನ ಔಟ್‌ಹೌಸಿನ ಬಾಗಿಲಿಗೆ ಚಿಲಕ ಹಾಕಿ, ಮತ್ತೆ ಎದ್ದು ಹೋಗಿ ಹಾಕಿದ್ದೇನೆಯೇ ಎಂದು ನೋಡಿ ಬಂದೆ.

ನನ್ನ ಬುದ್ಧಿಗೆ ಹಿಡಿದುಕೊಳ್ಳಲು ಸಿಕ್ಕಿದ್ದು ಒಂದೇ ಒಂದು ಗಿಡ. ದಂಟು ಬಾಗಿತ್ತೆಂದು ಕಡ್ಡಿ ಕಟ್ಟಲು ಒಂದು ಕುಂಡವನ್ನು ನನ್ನ ಕೋಣೆಗೆ ಒಯ್ದು ಅಲ್ಲೇ ಮರೆತುಬಿಟ್ಟಿದ್ದೆ. ಹೆಂಚಿನ ಸಂದಿಯ ಚಳಿ ಗಾಳಿಯಲ್ಲಿ, ಯಾರೂ ಮುದ್ದು ಮಾಡದೆ, ಅದರ ಮೊಗ್ಗುಗಳೆಲ್ಲ ಅರಳಿ ನಿಂತವು. ಅಚ್ಚ ಬಿಳಿ ಹೂಗಳು. ತಾರಾ ಖುಷಿಪಡಲಿ ಎಂದು ಅದನ್ನು ಎತ್ತಿಕೊಂಡು ಹೋಗಿ ಅವಳ ಮಂಚದ ಎದುರಿಗಿಟ್ಟೆ. ತಿಂಗಳುಗಟ್ಟಲೆ ನಿಲ್ಲುವ ಹೂ ಅದು. ಮಾರನೆಯ ಸಂಜೆ ಹೋಗಿ ನೋಡಿದರೆ ಎಸಳುಗಳೆಲ್ಲ ಒಳಕ್ಕೆ ಮಡಚಿಕೊಂಡು, ಒದ್ದೆ ಕಾಗದದ ಹಾಗೆ ತೆಳ್ಳಗಾಗಿ ಜೋತುಬಿದ್ದಿದ್ದವು. ಜಾನಕಿ ನನ್ನ ಮುಖ ನೋಡಿದಳು. ಎದೆಯ ಮೇಲೆ ಕೈಯಿಟ್ಟುಕೊಂಡಳು.

ಆ ವಾರ ಮಳೆಗೆ ಹೊಳೆಗಳು ರಸ್ತೆಗೆ ಬಂದವು. ಒಂದು ದಿನ ಕಾಲೇಜಿಗೆ ಮಧ್ಯಾಹ್ನವೇ ರಜೆ ಕೊಟ್ಟರು. ಬಸ್ಸಿಳಿದು ಎಸ್ಟೇಟಿನ ದಾರಿ ಹಿಡಿದವಳು, ಕೊಡೆ ಉಲ್ಟಾ ಆಗಿ, ಪೂವಯ್ಯ ಅಂಕಲ್ ಇದ್ದ ಗೋಡೌನಿಗೆ ನುಗ್ಗಿದೆ. ಅವರು ಹಳೆಯ ತಗಡಿನ ಡ್ರಮ್ಮೊಂದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಅದರ ಬಾಯಿಗೆ ಹಸಿ ಗೋಣಿಚೀಲ ಮುಚ್ಚಿ ಅಂಚಿಗೆಲ್ಲ ಕೆಸರು ಮೆತ್ತಿತ್ತು.

“ಎಂತ ಅಂಕಲ್ ಇದು?”

“ಬಾಳೆಗೊನೆ. ನಾಡಿದ್ದು ಅವ್ವನಿಗೆ ಎಡೆ ಇಡ್ಬೇಕಲ್ಲ, ಹಣ್ಣು ಮಾಡ್ಲಿಕ್ಕೆ ಇಟ್ಟಿದ್ದೆ. ಕೆಳಗೆ ಒಂದು ಚಟ್ಟಿಯಲ್ಲಿ ಕೆಂಡ, ಅದರ ಮೇಲೆ ಸ್ವಲ್ಪ ಕಾಫಿ ಸಿಪ್ಪೆ.” ಅವರು ಕೆಸರು ಬಿಡಿಸುತ್ತ ಹೇಳಿದರು. “ಬಾಯಿ ಸರಿ ಮುಚ್ಬೇಕು ಅಷ್ಟೇ. ಒಂದು ಸಂದಿ ಇದ್ರೂ ಹಣ್ಣಾಗಲ್ಲ. ನೋಡಿ, ಇಡುವಾಗ ಕಲ್ಲಿನ ಹಾಗಿತ್ತು.”

ಗೋಣಿ ಎತ್ತಿದರು. ಒಳಗೆ ಗೊನೆ ಪೂರ್ತಿ ಹಳದಿಯಾಗಿತ್ತು. ನಾನು ಬಗ್ಗಿ ನೋಡಲು ಹೋದೆ.

“ಮುಖ ಒಡ್ಡಬೇಡಿ ಮೇಡಂ. ತಲೆ ತಿರುಗ್ತದೆ.”

ಆ ಮಾತು ಕಿವಿಗೆ ಬಿದ್ದಾಗ ನನ್ನ ಕಣ್ಣು ಆ ಹಳದಿಯ ಮೇಲೇ ಇತ್ತು. ನಾನು ವರ್ಷವರ್ಷವೂ ತರಗತಿಯಲ್ಲಿ ಹೇಳುವ ಪಾಠ. ಅರೆಬರೆ ಉರಿಯುವ ಬೆಂಕಿಯಿಂದ ಎಥಿಲೀನ್ ಎಂಬ ಅನಿಲ ಹೊರಡುತ್ತದೆ. ಕಾಯನ್ನು ಹಣ್ಣು ಮಾಡುವುದೂ ಅದೇ, ಹೂವನ್ನು ಹೊತ್ತಿಗೆ ಮುಂಚೆ ಮುದಿಯಾಗಿಸಿ ಉದುರಿಸುವುದೂ ಅದೇ. ಅದೇ ಬೆಂಕಿಯಿಂದ ಜೊತೆಗೇ ಇನ್ನೊಂದು ಗಾಳಿ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಮನುಷ್ಯರನ್ನು ಕೊಲ್ಲುತ್ತದೆ. ಸಂದಿಯಿಲ್ಲದ ಸೀಲಿಂಗ್. ಗಾಜು. ಅದರ ಹೊರಗೆ ಬಿಗಿದ ಪ್ಲಾಸ್ಟಿಕ್. ಒಳಗೆ ಬೆಳಗಿನಿಂದ ಸಂಜೆವರೆಗೆ ಕೆಂಡ. ಆ ಕೋಣೆಯೇ ಒಂದು ಡ್ರಮ್ಮಾಗಿತ್ತು.

“ಅಂಕಲ್, ಅಗ್ಗಿಷ್ಟಿಕೆ! ತಾರಾ, ಮಗು, ಎಲ್ಲರೂ ಅದೇ ಗಾಳಿಯಲ್ಲಿದಾರೆ. ಓಡಿ ಬನ್ನಿ!”

ಅವರಿಗೆ ಎಷ್ಟು ಅರ್ಥವಾಯಿತೋ, ನನ್ನ ಹಿಂದೆಯೇ ಓಡಿ ಬಂದರು.

ಕೋಣೆಯೊಳಗೆ ಎಂಥ ಶಾಂತಿ ಇತ್ತೆಂದರೆ ಬಾಗಿಲಲ್ಲಿ ನನ್ನ ಕಾಲು ಒಂದು ಕ್ಷಣ ನಿಂತಿತು. ಜಾನಕಿ ಗೋಡೆಗೆ ಒರಗಿ ಕೂತಲ್ಲೇ ಮಲಗಿದ್ದಳು. ತಾರಾ ಮಂಚದಲ್ಲಿ ಒಂದು ಕೈ ಇಳಿಬಿಟ್ಟು ನಿದ್ದೆಯಲ್ಲಿದ್ದಳು. ಅವಳ ಮಗ್ಗುಲಲ್ಲಿ ಮಗು, ಬೊಂಬೆಯಂತೆ ಕೆನ್ನೆ ಕೆಂಪಾಗಿ, ಅಲ್ಲಾಡದೆ. ದೇಚಮ್ಮ ಆಂಟಿ ಮಾತ್ರ ಎಚ್ಚರವಾಗಿದ್ದರು. ಮಂಚದ ಅಂಚಿನಲ್ಲಿ ನೆಟ್ಟಗೆ ಕೂತು, ಜಗಲಿಯ ಖಾಲಿ ಬೆತ್ತದ ಕುರ್ಚಿಯನ್ನು ನೋಡುತ್ತ ಮೆಲ್ಲಗೆ ಮಾತಾಡುತ್ತಿದ್ದರು.

“ಬಂದ್ರಾ ಮೇಡಂ. ನೋಡಿ, ಅವ್ವ ಬಂದಿದಾರೆ. ಕಾಫಿ ಮಾಡ್ತೇನೆ ಅಂದೆ, ಬೇಡ ಅಂತಾರೆ.”

ನಾನು ಕುರ್ಚಿಯ ಕಡೆ ತಿರುಗಲಿಲ್ಲ. ತಿರುಗಿದರೆ ನನಗೂ ಕಾಣುತ್ತದೆ ಎಂಬ ಭಯವಿತ್ತು. ಕಿಟಕಿಯ ಗಾಜನ್ನು ಸರಿಸಲು ನೋಡಿದೆ, ಚೌಕಟ್ಟು ಬಿಗಿದುಕೊಂಡಿತ್ತು. ಕೈಗೆ ಸಿಕ್ಕ ದೊಡ್ಡ ಮಣ್ಣಿನ ಕುಂಡವನ್ನು ಗಿಡದ ಸಮೇತ ಎತ್ತಿ ಎಸೆದೆ. ಗಾಜು ಒಡೆಯಿತು. ಅದರಾಚೆ ನೀಲಿ ಶೀಟು ಇನ್ನೂ ಗಟ್ಟಿಯಾಗಿ ನಿಂತು, ಗಾಳಿಗೆ ಒಳಕ್ಕೂ ಹೊರಕ್ಕೂ ಉಬ್ಬುತ್ತಿತ್ತು. ಕುಂಡಗಳ ಪಕ್ಕದಲ್ಲಿದ್ದ ಕತ್ತರಿಯಿಂದ ಅದನ್ನು ಮೇಲಿನಿಂದ ಕೆಳಕ್ಕೆ ಸೀಳಿದೆ. ಮಳೆ ಮುಖಕ್ಕೆ ಹೊಡೆಯಿತು. ಕೋಣೆಯಲ್ಲಿದ್ದ ಬಟ್ಟೆಗಳೆಲ್ಲ ಒಮ್ಮೆಗೇ ಎದ್ದು ಹಾರಿದವು. ತಿರುಗಿ ನೋಡುವಾಗ ಪೂವಯ್ಯ ಅಂಕಲ್ ಮಗುವನ್ನು ಎದೆಗವಚಿಕೊಂಡು ಅಂಗಳಕ್ಕೆ ಇಳಿದಾಗಿತ್ತು. ನಾನು ತಾರಾಳ ಕಂಕುಳಿಗೆ ಕೈಹಾಕಿ ಎಳೆದೆ. ಅವಳ ತಲೆ ನನ್ನ ಭುಜದ ಮೇಲೆ ಉರುಳಾಡುತ್ತಿತ್ತು. ಮೆಟ್ಟಿಲ ಮೇಲೆ ಅವಳನ್ನು ಕೂರಿಸಿ ಮತ್ತೆ ಒಳಗೆ ಓಡಿ, ಆಂಟಿಯ ಕೈಯನ್ನೂ ಜಾನಕಿಯ ರಟ್ಟೆಯನ್ನೂ ಹಿಡಿದು ಹೊರಗೆ ತಂದೆ. ಆಂಟಿ ಬರುವಾಗ ಹಿಂದಕ್ಕೆ ತಿರುಗಿ, “ಅವರನ್ನೂ ಕರೀರಿ, ಒಬ್ರನ್ನೇ ಬಿಟ್ಟು ಬರೋದಾ?” ಎಂದು ಗದರಿದರು.

ಅಂಗಳದಲ್ಲಿ ಪೂವಯ್ಯ ಅಂಕಲ್ ಬಗ್ಗಿ ಮಗುವಿಗೆ ನೆರಳಾಗಿ ನಿಂತಿದ್ದರು. “ಮೇಡಂ, ಇದು ಎಂತ ಮಾಡಿದ್ರೂ ಏಳಲ್ಲ,” ಎಂದರು. ಆ ಧ್ವನಿಯನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಮಗುವಿನ ಪಾದ ತಿಕ್ಕಿದೆ. ಅಂಗಾಲಿಗೆ ಬೆರಳಿಂದ ಹೊಡೆದೆ. ಅವರು ಬಗ್ಗಿಸಿದ ಬೆನ್ನನ್ನು ಸ್ವಲ್ಪ ಎತ್ತಿದರು. ಮಳೆಯ ಹನಿಗಳು ಮಗುವಿನ ಮುಖದ ಮೇಲೆ ನೇರವಾಗಿ ಬಿದ್ದವು. ಅದು ಬಾಯಿ ತೆರೆಯಿತು. ಸದ್ದು ಬರಲಿಲ್ಲ. ಮತ್ತೆ ತೆರೆಯಿತು. ಆಮೇಲೆ ಬಂತು ಅಳು, ಸಣ್ಣಗೆ, ಕೋಪದಿಂದ. ಪೂವಯ್ಯ ಅಂಕಲ್ ಕೆಸರಲ್ಲೇ ಮಂಡಿಯೂರಿ ಕೂತರು.

ಜೀಪಿನಲ್ಲಿ ಎಲ್ಲರನ್ನೂ ವಿರಾಜಪೇಟೆಯ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಅಂಕಲ್ ಜೀಪಿನ ಸೈಡ್ ಪರದೆ ಇಳಿಸಲು ಬಿಡಲಿಲ್ಲ. ಎಲ್ಲರೂ ತೊಯ್ದು ತೊಪ್ಪೆಯಾಗಿದ್ದೆವು. ವೈದ್ಯರು ನಾಲ್ವರಿಗೂ ಆಮ್ಲಜನಕ ಹಾಕಿಸಿದರು. ಕೆಂಡದ ವಿಷಗಾಳಿ ದಿನವೂ ಸ್ವಲ್ಪ ಸ್ವಲ್ಪ ರಕ್ತಕ್ಕೆ ಸೇರಿದರೆ ಹೀಗೇ ಆಗುತ್ತದೆ ಎಂದರು. ತಲೆನೋವು, ಮರೆವು, ನಿದ್ದೆ. ಇಲ್ಲದವರು ಕಾಣುವುದು, ಇಲ್ಲದ ಧ್ವನಿ ಕೇಳುವುದು. ಇನ್ನೊಂದು ಸಂಜೆ ಕಳೆದಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

ವರಾಂಡದ ಬೆಂಚಿನಲ್ಲಿ ಪೂವಯ್ಯ ಅಂಕಲ್ ತಮ್ಮ ಕೈಗಳನ್ನೇ ನೋಡುತ್ತ ಕೂತಿದ್ದರು.

“ಆ ಶೀಟು ನಾನೇ ನಿಂತು ಕಟ್ಟಿಸಿದ್ದು ಮೇಡಂ. ಒಂದು ಹನಿ ನೀರು ಒಳಗೆ ಬರ್ಬಾರ್ದು ಅಂತ.” ಒದ್ದೆ ಅಂಗಿಯ ತೋಳು ಹಿಂಡಿ, “ಹೂವಿಗೆ ಗೊತ್ತಾಯ್ತು, ನಮಗೆ ಆಗ್ಲಿಲ್ಲ ಅಲ್ವಾ,” ಎಂದರು.

ಉಳಿದವರು ಮನೆಗೆ ಮರಳುವ ಮುಂಚೆಯೇ ಅಂಕಲ್ ಆಳುಗಳನ್ನು ಕರೆಸಿ ಸೀಲಿಂಗ್ ಕೀಳಿಸಿದರು. ಗಾಜಿನ ಜಾಗಕ್ಕೆ ಹಳೆಯ ಮರದ ಜಾಲರಿಗಳು ಬಂದವು. ಬಟ್ಟೆ ಒಣಗಿಸಲು ಹಿತ್ತಲಲ್ಲಿ ಬೇರೆಯೇ ಮಾಡು ಕಟ್ಟಿಸಿದರು. ತಾರಾಳಿಗೆ ಉಣ್ಣೆಯ ಕಂಬಳಿಯ ಮೇಲೆ ಕಂಬಳಿ ಹೊದಿಸಿದರೇ ಹೊರತು ಕೆಂಡ ಮತ್ತೆ ಒಳಗೆ ಬರಲಿಲ್ಲ. ದೇಚಮ್ಮ ಆಂಟಿ ಎಡೆಯನ್ನೇನೂ ಬಿಡಲಿಲ್ಲ. ದೀಪ ಹಚ್ಚಿ, ಬಾಳೆಲೆ ಹಾಸಿ, ಅತ್ತೆಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಕೈಮುಗಿದರು. “ವಿಷಗಾಳಿ ಅಂತ ಡಾಕ್ಟ್ರು ಹೇಳಿದ್ದು ನಿಜವೇ,” ಎಂದರು ನನ್ನ ಕಡೆ ತಿರುಗಿ. “ನಾನು ಇಲ್ಲ ಅನ್ನಲ್ಲ. ಆದ್ರೂ ಕೊಡೋದು ಕೊಡ್ಬೇಕು.” ಪೂವಯ್ಯ ಅಂಕಲ್ ಪಕ್ಕದಲ್ಲಿ ನಿಂತು ತಾವೂ ಕೈಮುಗಿದರು.

ಗಿಡಗಳು ಬೇಗನೆ ಚೇತರಿಸಿಕೊಂಡವು. ಮೊಗ್ಗು ಉದುರಿದ ದಂಟನ್ನು ಗಿಣ್ಣಿನ ಮೇಲಕ್ಕೆ ಕತ್ತರಿಸಿದೆ; ಅಲ್ಲಿಂದಲೇ ಹೊಸ ಕವಲು ಹೊರಟಿತು. ಮಳೆ ಹಿಂದಾಗಿ, ಗದ್ದೆಗಳಲ್ಲಿ ನಾಟಿಯ ಹಸಿರು ಎದ್ದು, ಬಿಸಿಲು ಆಗಾಗ ಮುಖ ತೋರಿಸುವ ಹೊತ್ತಿಗೆ ಮೊದಲ ಮೊಗ್ಗು ಹಿಗ್ಗಿ ಬಿರಿಯಿತು. ಮಗುವಂತೂ ಅಳುವುದನ್ನು ಹೊಸದಾಗಿ ಕಲಿತಂತೆ ಮನೆಯನ್ನೆಲ್ಲ ಎಬ್ಬಿಸುತ್ತಿತ್ತು. ಬೆಕ್ಕು ಅದರ ತೊಟ್ಟಿಲ ಕೆಳಗೆ ಮಲಗತೊಡಗಿತು.

ತಾರಾ ಮೈಸೂರಿಗೆ ಹೊರಡುವ ಮುಂಚಿನ ದಿನ, ನಾನು ಜಗಲಿಯಲ್ಲಿ ಕೂತು ಒಡೆದ ಕುಂಡದ ಗಿಡವನ್ನು ಹೊಸ ಕುಂಡಕ್ಕೆ ಹಾಕುತ್ತಿದ್ದೆ. ಅವಳು ಬಂದು ಪಕ್ಕದಲ್ಲಿ ಕುಕ್ಕರಿಸಿದಳು. ಜಾಲರಿಯಿಂದ ಬಂದ ಬಿಸಿಲು ಅವಳ ಮೊಣಕಾಲ ಮೇಲೆ ಬಿದ್ದಿತ್ತು.

“ಅಕ್ಕ, ಒಂದು ಹೇಳಲಾ? ನಗಬಾರ್ದು.”

“ಹೇಳು.”

“ಆ ಕಾಲಿನ ಹತ್ರ ನಿಲ್ತಾ ಇದ್ದವರು ಕೆಟ್ಟವರಾಗಿರ್ಲಿಲ್ಲ. ಮೊದಲು ಹೆದರಿಕೆ ಆಗ್ತಿತ್ತು. ಆಮೇಲೆ ಗೊತ್ತಾಯ್ತು, ನಂಗೆ ನಿದ್ದೆ ಜೋರಾಗಿ ಬಂದಾಗಲೇ ಅವರು ಬರೋದು. ಬಂದು ನನ್ನ ಹೆಬ್ಬೆರಳು ಹಿಡಿದು ಎಳೀತಾ ಇದ್ರು. ಏಳು, ಏಳು ಅನ್ನೋ ಹಾಗೆ. ಎದ್ದು ಮಗುವಿಗೆ ಹಾಲು ಕುಡಿಸ್ತಾ ಇದ್ದೆ.” ಅವಳು ತೆಂಗಿನ ಸಿಪ್ಪೆಯ ಚೂರೊಂದನ್ನು ಬೆರಳಲ್ಲಿ ತಿರುಗಿಸಿದಳು. “ನೀವು, ಡಾಕ್ಟ್ರು ಹೇಳಿದ್ದೆಲ್ಲ ಸರಿ. ರಕ್ತದಲ್ಲಿ ವಿಷ ಇತ್ತು, ಅದಕ್ಕೆ ಕಂಡಿತು. ಆದ್ರೆ ಈಗ ಕೋಣೆ ತುಂಬ ಖಾಲಿ ಅನ್ಸುತ್ತೆ ಅಕ್ಕ.”

ನನಗೆ ಗೊತ್ತಿದ್ದ ವಿಜ್ಞಾನದಲ್ಲಿ ಅದಕ್ಕೆ ಉತ್ತರ ಹುಡುಕಬಹುದಿತ್ತು. ಉಸಿರು ಕಟ್ಟುವ ಮೆದುಳು ತನ್ನನ್ನು ತಾನೇ ಎಬ್ಬಿಸಿಕೊಳ್ಳಲು ಏನೇನೋ ಮಾಡುತ್ತದೆ ಎಂದು ಹೇಳಬಹುದಿತ್ತು. ಬೇರಿನ ಸುತ್ತ ಇದ್ದಿಲ ಚೂರು ತುಂಬಿ ಮುಗಿಸಿ, ಕುಂಡವನ್ನು ಅವಳ ಕೈಗೆ ಕೊಟ್ಟೆ.

“ಒಳಗೆ ಮಂಚದ ಎದುರು ಇಡು. ಗಾಳಿ ಬರೋ ಕಡೆ.”

ಅವಳು ಎರಡೂ ಕೈಯಲ್ಲಿ ಕುಂಡ ಹಿಡಿದು ಎದ್ದಳು. ಕೋಣೆಯ ಬಾಗಿಲಲ್ಲಿ ಯಾರೂ ಇರಲಿಲ್ಲ; ನಾನು ಅಲ್ಲಿಗೇ ನೋಡುತ್ತಿದ್ದೆ. ಹೊಸ್ತಿಲ ಹತ್ತಿರ ಅವಳು ಒಂದು ಕ್ಷಣ ನಿಂತಳು. ಆಮೇಲೆ, ಎದುರು ಬರುವ ಹಿರಿಯರಿಗೆ ದಾರಿ ಬಿಡುವವರ ಹಾಗೆ, ಸ್ವಲ್ಪ ತಲೆ ತಗ್ಗಿಸಿ, ಪಕ್ಕಕ್ಕೆ ಸರಿದು ಒಳಗೆ ಹೋದಳು.